ಕೇಪಿನ ಕೋವಿ, ಚಕಮಕಿ ಕೋವಿ: ಸಂಗ್ರಹ, ಆರೈಕೆ, ಗುರಿ ಅಭ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬುವ ಕೋವಿಗಳ ಬಗ್ಗೆ ಮೈಸೂರು, ಮಂಡ್ಯ ಕಡೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ತೋಟಾ (ಕಾರ್ಟ್ರಿಜ್) ಕೋವಿಯ ವಿಚಾರ ಇಲ್ಲಿಲ್ಲ.

ಅಟ್ಟದ ಮೇಲೆ ತಾತನ ಕಾಲದ ಕೋವಿ ಸಿಕ್ಕಿದೆ. ಮೊದಲು ಏನು ಮಾಡಬೇಕು?

ಅದರೊಳಗೆ ಈಡು (ತುಂಬಿಟ್ಟ ಮದ್ದು, ಗುಂಡು) ಇದೆ ಎಂದೇ ತಿಳಿದು ಮುಟ್ಟಿ. ಹಂದಿ ಬಂದೀತು ಎಂದು ತುಂಬಿಟ್ಟು ಹಾಗೇ ಮರೆತುಹೋದ ಕೋವಿಗಳು ಬೇಕಾದಷ್ಟಿವೆ. ತೇವ ತಗಲದಿದ್ದರೆ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲ. ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ) ಎತ್ತಿ ನೋಡುವುದು, ಟ್ರಿಗರ್ ಎಳೆದು ನೋಡುವುದು, ಬಾಯಿಗೆ ಕಣ್ಣಿಟ್ಟು ಇಣುಕುವುದು ಯಾವುದೂ ಬೇಡ.

ಪರೀಕ್ಷೆ ಮಾಡುವುದು ಗಜದಿಂದ, ಅಂದರೆ ನಳಿಗೆಯೊಳಗೆ ಇಳಿಸುವ ಉದ್ದನೆಯ ಕಡ್ಡಿಯಿಂದ. ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಮುಖ ಮತ್ತು ಮೈ ಪಕ್ಕಕ್ಕಿಟ್ಟುಕೊಂಡು, ನೇರವಾದ ಮರದ ಕಡ್ಡಿಯೊಂದನ್ನು ಬೆರಳ ತುದಿಯಲ್ಲಿ ಹಿಡಿದು ನಳಿಗೆಯೊಳಗೆ ನಿಧಾನವಾಗಿ ಇಳಿಸಿ. ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಗುರುತು ಹಾಕಿ. ಕಡ್ಡಿ ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿ. ಅದರ ತುದಿ ನಿಪ್ಪಲ್ (ಕೇಪು, ಅಂದರೆ ಸಿಡಿಯುವ ಪುಟ್ಟ ಟೋಪಿ, ಕೂರಿಸುವ ಸಣ್ಣ ಕೊಳವೆ) ಅಥವಾ ಕಿಡಿ ಹೋಗುವ ತೂತಿನವರೆಗೆ ಬಂದರೆ ಒಳಗೆ ಖಾಲಿ. ಕೆಲವು ನಳಿಗೆಗಳ ಬುಡ ಕಿರಿದಾಗಿರುವುದರಿಂದ ಒಂದೆರಡು ಸೆಂ.ಮೀ. ಮೊದಲೇ ನಿಲ್ಲಬಹುದು. ಮೂರು ನಾಲ್ಕು ಸೆಂ.ಮೀ. ಅಥವಾ ಅದಕ್ಕಿಂತಲೂ ಮೊದಲೇ ನಿಂತರೆ ಒಳಗೆ ಈಡು ಇದೆ, ಇಲ್ಲವೇ ಯಾವುದೋ ಕಸ ಕೂತಿದೆ. ಎರಡಕ್ಕೂ ಒಂದೇ ಮರ್ಯಾದೆ ಕೊಡಿ.

ಈಡು ಇದ್ದರೆ ಹೊಡೆದು ಖಾಲಿ ಮಾಡಲು ಹೋಗಬೇಡಿ. ಬಿಸಿ ಮಾಡಬೇಡಿ, ಕಬ್ಬಿಣದ ಸರಳಿನಿಂದ ಕುಟ್ಟಬೇಡಿ. ಪರವಾನಗಿ ಇರುವ ಕೋವಿ ರಿಪೇರಿಯವರು ಬಾಯಿಯಿಂದಲೂ ನಿಪ್ಪಲ್ ಕಡೆಯಿಂದಲೂ ನೀರು ಬಿಟ್ಟು ಮದ್ದು ನೆನೆಸಿ, ತಿರುಪಿನ ಮೊನೆಯ ಗಜದಿಂದ ಗುಂಡು ಕೀಳುತ್ತಾರೆ. ನೆನೆದ ಮದ್ದು ಒಣಗಿದರೆ ಮತ್ತೆ ಹತ್ತಿಕೊಳ್ಳಬಹುದು. ಹಾಗಾಗಿ ನೀರು ಹಾಕಿದೆ, ಕೆಲಸ ಮುಗಿಯಿತು ಎಂದು ಮೂಲೆಗಿಡುವಂತಿಲ್ಲ.

ನೂರು ವರ್ಷಕ್ಕಿಂತ ಹಳೆಯದು, ಗೋಡೆಗೆ ತೂಗು ಹಾಕುವುದಕ್ಕಷ್ಟೆ. ಅದಕ್ಕೂ ಲೈಸೆನ್ಸ್ ಬೇಕೆ?

ವಯಸ್ಸೊಂದರಿಂದಲೇ ವಿನಾಯಿತಿ ಸಿಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವನ್ನು ಬಿಡುತ್ತದೆ ನಿಜ. ಆದರೆ ಷರತ್ತು ಇದೆ: ರಿಪೇರಿ ಮಾಡಿದರೂ ಅದು ಹಾರಿಸಲು ಬಾರದಂತಿರಬೇಕು. ಹೊಸ ನಿಪ್ಪಲ್ ಹಾಕಿದರೆ ಸಿಡಿಯುವ ಕೋವಿ ಆ ಸಾಲಿಗೆ ಸೇರದು. ವಿನಾಯಿತಿಗೆಂದು ಮನೆಯಲ್ಲೇ ನಳಿಗೆಗೆ ತೂತು ಕೊರೆಯುವ ಬುದ್ಧಿವಂತಿಕೆ ಮಾಡಬೇಡಿ. ಕಾನೂನಿನ ತೊಡಕೂ ಬರುತ್ತದೆ, ಕೋವಿಯ ಬೆಲೆಯೂ ಹೋಗುತ್ತದೆ.

ಜಿಲ್ಲೆಯಲ್ಲಿ ಅರ್ಜಿ ಹೋಗುವುದು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳ ಕಚೇರಿಗೆ, ಮೈಸೂರು ನಗರದಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿಗೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸ್ ಅವಧಿ ಐದು ವರ್ಷ. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ. ಸಂಗ್ರಹ ಶುರುಮಾಡುವವರು ಇದನ್ನು ಮೊದಲೇ ಯೋಚಿಸಬೇಕು: ಹತ್ತು ಸಾಧಾರಣ ಕೋವಿ ಕೂಡಿಡುವ ಕಾಲ ಹೋಯಿತು, ಆರಿಸಿ ಎರಡು ಇಟ್ಟುಕೊಳ್ಳಬೇಕು.

ಲೈಸೆನ್ಸ್ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ ಎಂದಿದ್ದರೆ ಬಾಯಿಯಿಂದ ತುಂಬುವ ಒಂಟಿನಳಿಗೆ, ‘ಡಿಬಿಎಂಎಲ್’ ಎಂದರೆ ಜೋಡುನಳಿಗೆ. ‘ಎಸ್‌ಬಿಬಿಎಲ್’, ‘ಡಿಬಿಬಿಎಲ್’ ಎಂದಿದ್ದರೆ ಅದು ತೋಟಾ ಕೋವಿ. ಪುಸ್ತಕದಲ್ಲಿ ಒಂದು, ಕೈಯಲ್ಲಿ ಇನ್ನೊಂದು ಇದ್ದರೆ ನವೀಕರಣದ ದಿನ ತೊಂದರೆ ತಪ್ಪಿದ್ದಲ್ಲ.

ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು, ಅವರು ತೀರಿಹೋದರು. ಕೋವಿ ಮನೆಯಲ್ಲೇ ಇರಬಹುದೆ?

ಇರಬಾರದು. ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಮಾರಾಟಗಾರರಲ್ಲೋ ಒಪ್ಪಿಸಿ ರಸೀದಿ ಪಡೆಯಿರಿ, ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಠಾಣೆಗೆ ಕೊಡುವ ಮುನ್ನ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಹಚ್ಚಿ, ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿ ಒಂದು ಮಳೆಗಾಲ ಕಳೆದರೆ ತುಕ್ಕು ಗ್ಯಾರಂಟಿ. ಚುನಾವಣೆ ಸಮಯದಲ್ಲಿ ಕೋವಿ ಒಪ್ಪಿಸುವಾಗಲೂ ಇದೇ ಮಾತು.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ. ಹುಣಸೂರು, ಪಿರಿಯಾಪಟ್ಟಣದವರಿಗೆ?

ಆ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ (ಹಳೆಯ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಗಡಿಯ ಈಚೆ ಇರುವ ಉಳಿದವರಿಗೆ ಅನ್ವಯಿಸದು.

ಕೋವಿಯ ಮೇಲಿನ ಗುರುತು ನೋಡಿ ಕಾಲ ಹೇಳಬಹುದೆ?

ಒಂದು ಮಟ್ಟಿಗೆ ಹೇಳಬಹುದು. ಮೊದಲು ಕಿಡಿ ಹೊತ್ತಿಸುವ ಬಗೆ ನೋಡಿ. ಉರಿಯುವ ಬತ್ತಿ ಮದ್ದಿನ ಬಟ್ಟಲಿಗೆ ಇಳಿಯುವುದು ಬತ್ತಿಕೋವಿ. ಕುದುರೆಯ ಬಾಯಲ್ಲಿ ಕಲ್ಲು ಸಿಕ್ಕಿಸಿದ್ದರೆ ಚಕಮಕಿ ಕೋವಿ. ನಿಪ್ಪಲ್ ಮೇಲೆ ತಾಮ್ರದ ಟೋಪಿ ಕೂರಿಸುವುದು ಕೇಪಿನ ಕೋವಿ. ನಮ್ಮ ಕಡೆ ಮನೆಗಳಲ್ಲಿರುವುದು ಬಹುತೇಕ ಮೂರನೆಯದು, ಅದೂ ಒಳಗೆ ನುಣುಪಾದ ನಳಿಗೆಯದು. ಒಳಗೋಡೆಯಲ್ಲಿ ಸುರುಳಿ ಗೀರು ಇದ್ದರೆ ಮಾತ್ರ ಅದು ರೈಫಲ್.

ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕೋವಿಗಳಲ್ಲಿ ನಾಲ್ಕು ಭಾಗದ ಹೃದಯದ ಗುರುತಿರುತ್ತದೆ. 1808ರಿಂದ ಈಚಿನವುಗಳಲ್ಲಿ ಹಿಂಗಾಲ ಮೇಲೆ ನಿಂತ ಸಿಂಹ. ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ‘ಇಎಲ್‌ಜಿ’ ಅಕ್ಷರಗಳಿದ್ದರೆ ಬೆಲ್ಜಿಯಂನ ಲಿಯೇಜ್‌ನಲ್ಲಿ ಪರೀಕ್ಷೆಯಾದ ನಳಿಗೆ. ಅದರ ಮೇಲೆ ಕಿರೀಟವೂ ಇದ್ದರೆ 1893ರ ನಂತರದ್ದು. ಕಿರೀಟ ಮತ್ತು ‘ಟವರ್’ (ಲಂಡನ್ನಿನ ಸರ್ಕಾರಿ ಶಸ್ತ್ರಾಗಾರದ ಗುರುತು) ಎಂಬ ಬರಹಕ್ಕೆ ಮರುಳಾಗಬೇಡಿ, ಅತಿ ಹೆಚ್ಚು ನಕಲಾದ ಗುರುತು ಅದೇ. ಅಕ್ಷರ ತಿರುಗಿದ್ದರೆ, ಕಾಗುಣಿತ ತಪ್ಪಿದ್ದರೆ ನಕಲು ಎನ್ನಲು ಯೋಚಿಸಬೇಕಿಲ್ಲ. ನಳಿಗೆಯನ್ನು ಮರದಿಂದ ಬಿಡಿಸಿದರೆ ಅಡಿಭಾಗದಲ್ಲಿ ಕಾಣುವ ಗುರುತೇ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಮಾರುವವನು ಮೇಲೆ ಕಾಣುವುದನ್ನೇ ತಿದ್ದುತ್ತಾನೆ.

‘ಇದು ಟಿಪ್ಪು ಕಾಲದ್ದು’ ಎಂದು ಮಾರುತ್ತಾರೆ. ನಂಬಬಹುದೆ?

ಶ್ರೀರಂಗಪಟ್ಟಣದ ಸುತ್ತಮುತ್ತ ಪ್ರತಿ ಹಳೆಯ ಕೋವಿಗೂ ಟಿಪ್ಪುವಿನ ಹೆಸರೇ. ಅವನ ಕಾರ್ಖಾನೆಯ ನಿಜವಾದ ಕೆಲಸದಲ್ಲಿ ಹುಲಿಪಟ್ಟೆಯ ವಿನ್ಯಾಸ, ಹುಲಿಮುಖದಂತೆ ಹೆಣೆದ ಅರಬ್ಬಿ ಬರಹ ಇರುತ್ತದೆ, ಎಷ್ಟೋ ವೇಳೆ ಕುದುರೆಯೇ ಹುಲಿಯ ಆಕಾರದಲ್ಲಿರುತ್ತದೆ. ತಾರೀಖು ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯದು, ಅಂಕಿಗಳು ಬಲದಿಂದ ಎಡಕ್ಕೆ. ಮುಖ್ಯವಾಗಿ ಅವು ಚಕಮಕಿ ಅಥವಾ ಬತ್ತಿಯವು. 1799ರಲ್ಲಿ ಕೇಪು ಎಂಬುದೇ ಇರಲಿಲ್ಲ. ಆದ್ದರಿಂದ ಹುಲಿಮುಖ ಕೆತ್ತಿದ ‘ಟಿಪ್ಪುವಿನ ಕೇಪಿನ ಕೋವಿ’ಯನ್ನು, ಆಮೇಲೆ ಕಿಡಿ ಹೊತ್ತಿಸುವ ಕೀಲು ಬದಲಾಯಿಸಿದ್ದಕ್ಕೆ ಸ್ಪಷ್ಟ ಗುರುತಿಲ್ಲದಿದ್ದರೆ, ಅಲ್ಲೇ ಬಿಟ್ಟು ಬನ್ನಿ. ನೂರು ವರ್ಷ ದಾಟಿದ ಕೋವಿಯನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅವಕಾಶ ಕೊಡುವುದಿಲ್ಲ.

ಹಳೆಯ ಕೋವಿಯಲ್ಲಿ ಈಡು ಹೊಡೆಯಬಹುದೆ?

ನಮ್ಮ ಉತ್ತರ: ಬೇಡ. ಇಡುವ ಕೋವಿ ಬೇರೆ, ಹೊಡೆಯುವ ಕೋವಿ ಬೇರೆ ಎಂದು ಇಟ್ಟುಕೊಂಡರೆ ಎರಡೂ ಉಳಿಯುತ್ತವೆ. ಹೊರಗೆ ಹೊಳೆಯುವ ನಳಿಗೆ ಬುಡದಲ್ಲಿ ಗುಳಿಬಿದ್ದಿರುತ್ತದೆ, ಒತ್ತಡ ಬೀಳುವುದೂ ಅಲ್ಲೇ. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ನಳಿಗೆಗಳಲ್ಲಿ ಬೆಸುಗೆಯ ನಡುವೆ ತುಕ್ಕು ಹೊಕ್ಕರೆ ಹೊರಗಿಂದ ಕಾಣುವುದೇ ಇಲ್ಲ. ಬುಡದ ತಿರುಪು ಸಡಿಲ, ನಿಪ್ಪಲ್‌ನ ತಿರುಪು ಸವೆದಿರುವುದು, ಅರ್ಧ ಎತ್ತಿದ ಕುದುರೆ ಟ್ರಿಗರ್ ಎಳೆದರೆ ಬೀಳುವುದು: ಇವುಗಳಲ್ಲಿ ಒಂದಿದ್ದರೂ ಆ ಕೋವಿ ಗೋಡೆಗೇ ಸರಿ. ಗುರಿ ಅಭ್ಯಾಸಕ್ಕೆ, ಪರೀಕ್ಷೆಯಾದ ನಳಿಗೆಯ ಹೊಸ ಕೋವಿಯನ್ನು ಲೈಸೆನ್ಸಿನಲ್ಲಿ ನಮೂದಿಸಿಕೊಂಡು ಕೊಳ್ಳಿ.

ಯಾವ ಮದ್ದು, ಎಷ್ಟು?

ಕರಿಮದ್ದು ಮಾತ್ರ. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆ ಬೆರೆಸಿದರೂ ಒತ್ತಡ ಎಷ್ಟೋ ಪಟ್ಟು ಏರಿ ನಳಿಗೆ ಸೀಳುತ್ತದೆ. ಪಟಾಕಿ ಮದ್ದಿನದೂ ಅದೇ ಕಥೆ. ಮನೆಯಲ್ಲಿ ಮದ್ದು ಅರೆಯುವುದು ಸ್ಫೋಟಕ ಕಾಯ್ದೆಯಡಿ ಅಪರಾಧ, ಮೇಲಾಗಿ ಅದರ ಬಲ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಲೈಸೆನ್ಸಿನಲ್ಲಿ ಬರೆದಷ್ಟನ್ನು ಪರವಾನಗಿ ಅಂಗಡಿಯಲ್ಲೇ ಕೊಳ್ಳಿ.

ಕಾಳಿನ ಗಾತ್ರಕ್ಕೆ ‘ಎಫ್’ ಅಕ್ಷರದ ಲೆಕ್ಕ. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣ, ಉರಿ ಚುರುಕು. ಅರ್ಧ ಇಂಚು ನಳಿಗೆಯ ರೈಫಲ್‌ನಿಂದ ದಪ್ಪ ನಳಿಗೆಯ ಮಸ್ಕೆಟ್‌ವರೆಗೆ ಎರಡು ಎಫ್, 0.45 ಇಂಚು ಮತ್ತು ಅದಕ್ಕಿಂತ ಕಿರಿದಾದ ನಳಿಗೆಗೆ ಮೂರು ಎಫ್, ಚಕಮಕಿಯ ಬಟ್ಟಲಿಗೆ ನಾಲ್ಕು ಎಫ್. ಅಳತೆ ಗ್ರೇನ್‌ನಲ್ಲಿ; 15.43 ಗ್ರೇನ್ ಒಂದು ಗ್ರಾಂ. ಅರ್ಧ ಇಂಚಿನ ರೈಫಲ್‌ಗೆ 50 ಮೀಟರ್ ಗುರಿಗೆ 40 ಗ್ರೇನ್‌ನಿಂದ ಶುರುಮಾಡಿ. ಐದು ಗುಂಡು ಹೊಡೆದು, ಗುರಿಹಾಳೆಯಲ್ಲಿ ಅವು ಬಿದ್ದ ಗುಂಪು ನೋಡಿ, ಐದೈದು ಗ್ರೇನ್ ಏರಿಸಿ. ಸಾಮಾನ್ಯವಾಗಿ 50ರಿಂದ 60ರೊಳಗೆ ಒಂದು ಕಡೆ ಗುಂಪು ಬಿಗಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ತಯಾರಕರು ಹೇಳಿದ ಗರಿಷ್ಠ ಅಳತೆಯನ್ನು ಯಾವ ಕಾರಣಕ್ಕೂ ದಾಟಬೇಡಿ.

ಗುಂಡು, ಬಟ್ಟೆ ಹೇಗಿರಬೇಕು?

ಗುಂಡು ಮೆತ್ತನೆಯ ಶುದ್ಧ ಸೀಸದ್ದು. ಕಾರಿನ ಚಕ್ರದ ತೂಕದ ಸೀಸದಲ್ಲಿ ಬೇರೆ ಲೋಹ ಬೆರೆತು ಗಟ್ಟಿಯಾಗಿರುತ್ತದೆ, ತುಂಬಲು ಕಷ್ಟ. 12.7 ಮಿ.ಮೀ. ನಳಿಗೆಗೆ 12.45 ಮಿ.ಮೀ. ಗುಂಡು, ಸುತ್ತ 0.38 ಮಿ.ಮೀ. ದಪ್ಪದ ಬಿಗಿ ನೇಯ್ಗೆಯ ಹತ್ತಿಬಟ್ಟೆ. ಆ ಗುಂಡಿನ ತೂಕ ಸುಮಾರು 11.5 ಗ್ರಾಂ ಬರುತ್ತದೆ. ಅರ್ಧ ಗ್ರಾಂ ಕಡಿಮೆ ತೂಗುವ ಗುಂಡಿನೊಳಗೆ ಗಾಳಿಗುಳ್ಳೆ ಇದೆ, ಮತ್ತೆ ಕರಗಿಸಿ. ಪಾಲಿಸ್ಟರ್ ಬೆರೆತ ಬಟ್ಟೆ ಬೇಡ, ನಳಿಗೆಯಲ್ಲಿ ಕರಗಿ ಅಂಟುತ್ತದೆ. ಬಟ್ಟೆಗೆ ಹರಳೆಣ್ಣೆ ಮತ್ತು ಜೇನುಮೇಣ ಕಾಯಿಸಿ ಹಚ್ಚಿ. ಎಂಜಿನ್ ಆಯಿಲ್, ಗ್ರೀಸು ಕರಿಮದ್ದಿನ ಜೊತೆ ಸೇರಿದರೆ ಟಾರಿನಂತಹ ಮಡ್ಡಿ ಆಗುತ್ತದೆ.

ಸೀಸ ಕರಗುವುದು 327 ಡಿಗ್ರಿಯಲ್ಲಿ. ಬಯಲಿನಲ್ಲಿ, ಗಾಳಿಗೆ ಬೆನ್ನುಕೊಟ್ಟು ಕರಗಿಸಿ. ಒಂದು ಹನಿ ನೀರು, ಒದ್ದೆ ಅಚ್ಚು, ಬೆವರಿನ ಹನಿ ಬಿದ್ದರೂ ಸೀಸ ಮುಖಕ್ಕೆ ಚಿಮ್ಮುತ್ತದೆ. ಅಡುಗೆಮನೆಯ ಪಾತ್ರೆ ತರಬೇಡಿ. ಒಮ್ಮೆ ಸೀಸ ಕಂಡ ಪಾತ್ರೆ ಅಡುಗೆಗೆ ವಾಪಸಾಗಬಾರದು.

ತುಂಬುವ ಕ್ರಮ ಹೇಗೆ?

ಮೊದಲು ನಳಿಗೆಯ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ. ಗಜ ಇಳಿಸಿ ಖಾಲಿಯೇ ಎಂದು ನೋಡಿ. ಬಾಯಿ ಗುರಿಯ ಕಡೆಗಿರಲಿ, ಮದ್ದಿಲ್ಲದೆ ಎರಡು ಕೇಪು ಹೊಡೆದು ನಿಪ್ಪಲ್ ಒಣಗಿಸಿ. ಎದುರಿಗೊಂದು ಒಣ ಹುಲ್ಲಿದ್ದರೆ ಎರಡನೆಯ ಕೇಪಿಗೆ ಅದು ಅಲುಗಬೇಕು. ಅಲುಗದಿದ್ದರೆ ದಾರಿ ಕಟ್ಟಿದೆ.

ಆಮೇಲೆ ಕೋವಿಯ ಬುಡ ನೆಲಕ್ಕೂರಿ, ಬಾಯಿ ಮುಖದಿಂದ ಆಚೆಗಿರಲಿ. ಮೊದಲೇ ಅಳೆದಿಟ್ಟ ಮದ್ದನ್ನು ಸಣ್ಣ ಸೀಸೆಯಿಂದ ಸುರಿಯಿರಿ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಎಂದೂ ಸುರಿಯಬೇಡಿ, ಹಿಂದಿನ ಈಡಿನ ಒಂದು ಕೆಂಡ ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಬಾಯಿಯ ಮೇಲೆ ಬಟ್ಟೆ, ಅದರ ಮೇಲೆ ಗುಂಡು. ಮೋಟು ಕಡ್ಡಿಯಿಂದ ಒಳಕ್ಕೆ ತಳ್ಳಿ, ಗಜವನ್ನು ಗೇಣುದ್ದ ಮೇಲೆ ಹಿಡಿದು ಹಂತಹಂತವಾಗಿ ಇಳಿಸಿ. ಮರದ ಗಜವನ್ನು ತುದಿಯಲ್ಲಿ ಹಿಡಿದು ಒತ್ತಿದರೆ ಮುರಿದು ಅಂಗೈಗೆ ಹೊಗುತ್ತದೆ. ಗುಂಡು ಮದ್ದಿಗೆ ತಾಗಿ ಕೂರಬೇಕು, ಕುಟ್ಟಬೇಕಿಲ್ಲ.

ಗುಂಡು ನಡುದಾರಿಯಲ್ಲಿ ನಿಂತು, ಮದ್ದಿಗೂ ಅದಕ್ಕೂ ನಡುವೆ ಖಾಲಿ ಉಳಿದರೆ ನಳಿಗೆ ಅಲ್ಲಿ ಬಳೆಯಂತೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಇದಕ್ಕೇ ಗಜದ ಮೇಲೆ ಎರಡು ಗೆರೆ ಬೇಕು: ಖಾಲಿ ನಳಿಗೆಗೊಂದು, ಸರಿಯಾಗಿ ತುಂಬಿದ್ದಕ್ಕೊಂದು. ಅರ್ಧ ಇಂಚಿನ ನಳಿಗೆ, 60 ಗ್ರೇನ್ ಮದ್ದು ಎಂದರೆ ಗೆರೆಗಳ ಅಂತರ ಸುಮಾರು 4 ಸೆಂ.ಮೀ. ಗೆರೆ ಮೇಲೆ ನಿಂತರೆ ಗುಂಡು ಕೂತಿಲ್ಲ ಅಥವಾ ಎರಡು ಸಲ ಮದ್ದು ಬಿದ್ದಿದೆ. ಕೆಳಗಿಳಿದರೆ ಮದ್ದು ಮರೆತಿದ್ದೀರಿ. ಗಜ ಹೊರತೆಗೆದು, ಗುರಿಕಟ್ಟೆಗೆ ಬಂದ ಮೇಲಷ್ಟೇ ಕೇಪು. ಕನ್ನಡಕ ಕಡ್ಡಾಯ, ಕೇಪಿನ ಚೂರು ಹಾರುತ್ತದೆ. ಚಕಮಕಿಯಾದರೆ ಬಲಗಡೆ ಯಾರನ್ನೂ ನಿಲ್ಲಿಸಬೇಡಿ; ಪಕ್ಕದ ತೂತಿನಿಂದ ಬೆಂಕಿ ಹೊರಡುತ್ತದೆ.

ಕೇಪು ಹೊಡೆಯಿತು, ಈಡು ಹಾರಲಿಲ್ಲ. ಈಗ?

ಕೋವಿ ಇಳಿಸಬೇಡಿ. ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ ಒಂದು ನಿಮಿಷ ಕಾಯಿರಿ, ಮದ್ದು ತಡವಾಗಿ ಹತ್ತುವುದುಂಟು. ನಂತರ ನಿಪ್ಪಲ್ ತೂತಿಗೆ ಸಣ್ಣ ತಂತಿ ಆಡಿಸಿ ಹೊಸ ಕೇಪು ಹಾಕಿ. ಕಾರಣಗಳು ಹೆಚ್ಚಾಗಿ ಮೂರು: ಉಳಿದ ಎಣ್ಣೆ, ಕಟ್ಟಿದ ತೂತು, ಸಡಿಲ ಕೇಪು. 10, 11 ನಂಬರ್ ಮತ್ತು ಮಸ್ಕೆಟ್ ಕೇಪು ಒಂದಕ್ಕೊಂದು ಹೊಂದುವುದಿಲ್ಲ. ಕೇಪಿನ ಬದಲು ಬೆಂಕಿಕಡ್ಡಿಯ ಮದ್ದು ತುರುಕುವ ಹಳ್ಳಿಯ ಉಪಾಯ ಕೈ ಸುಡುತ್ತದೆ.

ಮದ್ದು ಹಾಕದೆ ಗುಂಡು ಇಳಿಸಿಬಿಟ್ಟಿದ್ದರೆ ನಿಪ್ಪಲ್ ಬಿಚ್ಚಿ ನಾಲ್ಕು ಎಫ್ ಮದ್ದನ್ನು ಚಿಟಿಕೆಯಷ್ಟು ಒಳಸೇರಿಸಿ, ನಿಪ್ಪಲ್ ಮತ್ತೆ ಕೂರಿಸಿ, ಗಜದಿಂದ ಗುಂಡನ್ನು ಪುನಃ ತಳಕ್ಕೆ ಒತ್ತಿ, ಗುರಿದಿಬ್ಬಕ್ಕೆ ಹೊಡೆಯಿರಿ. ನಿಪ್ಪಲ್ ತೂತು ಹೊಸದರಲ್ಲಿ 0.7ರಿಂದ 0.8 ಮಿ.ಮೀ. ಇರುತ್ತದೆ. ಪ್ರತಿ ಈಡಿಗೂ ಕುದುರೆ ಹಿಂದಕ್ಕೆ ಎಗರುತ್ತಿದ್ದರೆ ಅದು ಸವೆದಿದೆ, ಬದಲಾಯಿಸಿ.

ಗುಂಪು ಚದುರುತ್ತಿದೆ. ದೋಷ ಕೋವಿಯದೋ ನಮ್ಮದೋ?

ಹಾರಿದ ಬಟ್ಟೆ ಹುಡುಕಿ. ಐದರಿಂದ ಹತ್ತು ಮೀಟರ್ ಮುಂದೆ ಬಿದ್ದಿರುತ್ತದೆ. ಗುರಿಹಾಳೆಗಿಂತ ಅದೇ ಹೆಚ್ಚು ಹೇಳುತ್ತದೆ. ಬಟ್ಟೆ ಇಡಿಯಾಗಿದ್ದು ನಡುವೆ ಕಪ್ಪು ಉಂಗುರವಿದ್ದರೆ ಎಲ್ಲ ಸರಿ, ಗುರಿಯೇ ತಪ್ಪುತ್ತಿದೆ. ನಡುಭಾಗ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಗುಂಡು ಸಡಿಲ ಅಥವಾ ಜಿಡ್ಡು ಸಾಲದು. ಸಾಲಾಗಿ ಕತ್ತರಿಸಿದ ಗೆರೆಗಳಿದ್ದರೆ ನಳಿಗೆಯ ಬಾಯಿ ಅಥವಾ ಗೀರುಗಳ ಅಂಚು ಹರಿತವಾಗಿದೆ. ಹೊಸ ನಳಿಗೆಯಲ್ಲಿ ಇದು ಸಾಮಾನ್ಯ. ಬೇಸಿಗೆಯಲ್ಲಿ ಆ ಬಟ್ಟೆಯನ್ನು ಕೂಡಲೇ ತುಳಿದು ಆರಿಸಿ. ಹೊಗೆಯಾಡುವ ಬಟ್ಟೆ ಒಣಹುಲ್ಲಿಗೂ ಪಕ್ಕದ ಗದ್ದೆಯ ಕಬ್ಬಿನ ತರಗಿಗೂ ಬೆಂಕಿ ಹಚ್ಚುತ್ತದೆ.

ಮೊದಲ ಮೂರು ಗುಂಡು ಒಟ್ಟಿಗೆ ಬಿದ್ದು ಆಮೇಲೆ ಚದುರಿದರೆ ಮಸಿ ಕಟ್ಟಿದೆ ಎಂದರ್ಥ. ಕರಿಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಅದು ಹೆಪ್ಪುಗಟ್ಟಿ ಗಜವೇ ಇಳಿಯದು, ಮಳೆಗಾಲದಲ್ಲಿ ಮೆತ್ತಗಿರುತ್ತದೆ. ಪ್ರತಿ ಈಡಿನ ನಂತರ ಹಿಂಡಿದ ಒದ್ದೆಬಟ್ಟೆ ಒಂದು, ಒಣಬಟ್ಟೆ ಒಂದು ಆಡಿಸಿ. ದಸರೆಯ 21 ಕುಶಾಲತೋಪಿನ ತಾಲೀಮಿನಲ್ಲಿ ಸುತ್ತಿಗೊಮ್ಮೆ ಫಿರಂಗಿಯ ಒಳಗೆ ಉಜ್ಜುವುದನ್ನು ಮೈಸೂರಿನವರು ನೋಡಿರುತ್ತೀರಿ. ಮಸಿ ತೆಗೆಯುವುದಕ್ಕಿಂತ ಮುಖ್ಯವಾಗಿ ಅದು ಉಳಿದ ಕೆಂಡ ಆರಿಸುವ ಕೆಲಸ.

ಚಕಮಕಿಯಲ್ಲಿ ಕಿಡಿ ಬರುತ್ತಿಲ್ಲ.

ಕಲ್ಲನ್ನು ತೊಗಲು ಸುತ್ತಿ ಬಿಗಿಯಿರಿ, ಅಂಚು ಉಕ್ಕಿನ ತಗಡಿಗೆ ಉದ್ದಕ್ಕೂ ಸಮವಾಗಿ ತಾಗಬೇಕು. ಹೊಲದ ಬೆಣಚುಕಲ್ಲು ಬೇಡ, ಬೇಗ ಪುಡಿಯಾಗುತ್ತದೆ. ಒಳ್ಳೆಯ ಕಲ್ಲಿಗೂ ಕಿಡಿಯಿಲ್ಲದಿದ್ದರೆ ತಗಡಿನ ಹದ ಹೋಗಿದೆ. ಕಿಡಿಯಿದ್ದೂ ಈಡು ತಡವಾದರೆ ಬಟ್ಟಲಲ್ಲಿ ಮದ್ದು ಹೆಚ್ಚಾಗಿದೆ; ತೂತು ಮುಚ್ಚದಂತೆ ಕೆಳಗೆ ಮಾತ್ರ ಹರಡಿ.

ಹೊಡೆದ ಮೇಲೆ ತೊಳೆಯುವುದು ಹೇಗೆ? ನಾಳೆಗಿಟ್ಟರೆ ಆಗದೆ?

ಅವತ್ತೇ ತೊಳೆಯಬೇಕು. ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಂಡು ರಾತ್ರಿಯೊಳಗೆ ಕಬ್ಬಿಣ ತಿನ್ನುತ್ತದೆ. ಈ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೇ ಕರಗುವುದು. ಎಣ್ಣೆ ಹಚ್ಚಿದೆ ಎಂದು ಸಮಾಧಾನಪಟ್ಟರೆ ತುಕ್ಕನ್ನು ಎಣ್ಣೆಯ ಕೆಳಗೆ ಬೆಳೆಸಿದಂತೆ.

ನಿಪ್ಪಲ್ ಬಿಚ್ಚಿ, ನಳಿಗೆ ಬಿಡುವಂತಿದ್ದರೆ ಬಿಡಿಸಿ, ಬುಡವನ್ನು ಬಕೆಟ್ ನೀರಲ್ಲಿ ಮುಳುಗಿಸಿ. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಕುದಿಯುವ ನೀರು ಹಾಕಿದರೆ ಒಣಗುವಾಗಲೇ ಕೆಂಪು ತುಕ್ಕು ಹಾರುತ್ತದೆ. ಗಜಕ್ಕೆ ಬಟ್ಟೆ ಸುತ್ತಿ ಪಂಪಿನಂತೆ ನೀರು ಎಳೆದು ಬಿಡಿ. ನೀರು ಕಪ್ಪಾಗುವುದು ನಿಂತ ಮೇಲೆ ಶುದ್ಧ ನೀರಿನಿಂದ ಜಾಲಿಸಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊನೆಯ ಜಾಲಿಗೆ ಫಿಲ್ಟರ್ ನೀರು ಬಳಸಿ. ಬಿಳಿಬಟ್ಟೆ ಒಣಗಿ ಹೊರಬರುವವರೆಗೆ ಒರೆಸಿ, ಹೊಲಿಗೆ ಯಂತ್ರದ ತೆಳು ಎಣ್ಣೆ ಹಚ್ಚಿ. ಮರುದಿನ ಇನ್ನೊಂದು ಬಟ್ಟೆ ಆಡಿಸಿ. ಕಂದು ಕಂಡರೆ ಮತ್ತೆ ನೀರಿನಿಂದ ಶುರು. ತೆಂಗಿನೆಣ್ಣೆ ಕ್ರಮೇಣ ಅಂಟಾಗುತ್ತದೆ, ಕೀಲಿಗೆ ಬೇಡ.

ಹಳೆಯ ಕೋವಿಗೆ ಪಾಲಿಶ್ ಹೊಡೆಸಬಹುದೆ?

ಎಮರಿ ಕಾಗದ ಮುಟ್ಟಿಸಬೇಡಿ. ಕಂದುಬಣ್ಣದ ಹಳೆಯ ಮೈಯೇ ಅದರ ಬೆಲೆ; ಕನ್ನಡಿಯಂತೆ ಹೊಳೆಯಿಸಿದರೆ ಗುರುತುಗಳೂ ಅಳಿಸುತ್ತವೆ. ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಮೆತ್ತನೆಯ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ. ಮರಕ್ಕೆ ಅಗಸೆ ಎಣ್ಣೆ, ಅಂಗೈಯಲ್ಲಿ ತೆಳುವಾಗಿ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಬಿಡಿಸಿ ಬಿಸಿಲಿಗೆ ಹರಡಿ. ಅಳತೆಗೆ ಹೊಂದದ ಸ್ಕ್ರೂಡ್ರೈವರ್‌ನಿಂದ ತಿರುಪಿನ ತಲೆ ಕೆಡಿಸುವಷ್ಟು ದೊಡ್ಡ ನಷ್ಟ ತುಕ್ಕೂ ಮಾಡುವುದಿಲ್ಲ.

ಆಯುಧಪೂಜೆಗೆ ಕೋವಿ ಇಡುತ್ತೇವೆ. ಅದರಿಂದ ತೊಂದರೆಯೆ?

ಪೂಜೆಯಿಂದಲ್ಲ, ಒದ್ದೆ ಕುಂಕುಮ ಮತ್ತು ನಿಂಬೆರಸದಿಂದ. ಎರಡೂ ಕಬ್ಬಿಣದ ಮೇಲೆ ಕಲೆ ಕೊರೆಯುತ್ತವೆ. ಕುಂಕುಮ, ಅರಿಶಿನವನ್ನು ಮರದ ಹಿಡಿಗೆ ಅಥವಾ ಕೋವಿಯ ಕೆಳಗಿನ ಬಟ್ಟೆಗೆ ಇಡಿ. ನಳಿಗೆಗೇ ಇಟ್ಟಿದ್ದರೆ ಸಂಜೆಯೇ ಒರೆಸಿ ಎಣ್ಣೆ ಹಚ್ಚಿ. ಮದ್ದು, ಕೇಪಿನ ಡಬ್ಬಿಯನ್ನು ದೀಪದ ಹತ್ತಿರ ಪೂಜೆಗಿಡಲೇಬೇಡಿ.

ಕೋವಿ, ಮದ್ದು ಇಡುವುದು ಎಲ್ಲಿ?

ಕೋವಿ ಖಾಲಿಯಾಗಿ, ಕುದುರೆ ಇಳಿದು, ಬೀಗದ ಬೀರುವಿನಲ್ಲಿರಲಿ. ಸ್ಪಂಜಿನ ಚೀಲ ತೇವ ಹಿಡಿಯುತ್ತದೆ, ಸಾಗಿಸಲು ಮಾತ್ರ ಅದು. ಮದ್ದು ಅಂಗಡಿಯಿಂದ ತಂದ ಡಬ್ಬಿಯಲ್ಲೇ, ಕೇಪು ಬೇರೆ ಕೋಣೆಯಲ್ಲಿ. ಅಡುಗೆಮನೆ, ಯುಪಿಎಸ್ ಬ್ಯಾಟರಿಯಿಂದ ದೂರ. ಶ್ರೀರಂಗಪಟ್ಟಣದ ಶಸ್ತ್ರಾಗಾರಗಳು ಅಷ್ಟು ದಪ್ಪ ಗೋಡೆಯವಾಗಿರುವುದು ಸುಮ್ಮನಲ್ಲ (ಜೋಡಿ ರೈಲುಹಳಿಗಾಗಿ 2017ರಲ್ಲಿ ಒಂದನ್ನು ಇಡಿಯಾಗಿ ಪಕ್ಕಕ್ಕೆ ಸರಿಸಬೇಕಾಯಿತು).

ಲೈಸೆನ್ಸ್ ಇದೆ. ತೋಟದಲ್ಲಿ ಗುರಿ ಹೊಡೆಯಬಹುದೆ? ಹಬ್ಬಕ್ಕೆ ಗಾಳಿಯಲ್ಲಿ?

ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕೋವಿಯ ಲೈಸೆನ್ಸ್ ಬೇಟೆಯ ಅನುಮತಿಯೂ ಅಲ್ಲ. ಬೆಳೆ ತಿನ್ನುವ ಪ್ರಾಣಿಯಾದರೂ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅಭ್ಯಾಸಕ್ಕೆ ಅನುಮತಿ ಪಡೆದ ರೇಂಜ್, ಹಿಂದೆ ಮಣ್ಣಿನ ದಿಬ್ಬ ಬೇಕು.

ಸ್ಪರ್ಧೆಗಳಿವೆಯೆ?

ಅಂತರರಾಷ್ಟ್ರೀಯ ಮಟ್ಟದಲ್ಲಿ 1971ರಲ್ಲಿ ಶುರುವಾದ ಎಂಎಲ್‌ಎಐಸಿ (ಬಾಯಿಯಿಂದ ತುಂಬುವ ಕೋವಿಯವರ ಸಂಘಗಳ ಅಂತರರಾಷ್ಟ್ರೀಯ ಸಮಿತಿ) ಸಂಸ್ಥೆ ನಡೆಸುತ್ತದೆ. 25, 50, 100 ಮೀಟರ್. 30 ನಿಮಿಷದಲ್ಲಿ 13 ಗುಂಡು, ಅದರಲ್ಲಿ ಒಳ್ಳೆಯ 10 ಲೆಕ್ಕಕ್ಕೆ. ಮದ್ದನ್ನು ಒಂದೊಂದು ಈಡಿನಷ್ಟು ಬೇರೆ ಬೇರೆ ಸೀಸೆಯಲ್ಲಿ ತುಂಬಿ ತರಬೇಕು. ಒಂದು ಈಡಿಗೆ ಎರಡೂಕಾಲು ನಿಮಿಷ ಸಿಗುತ್ತದೆ. ಒರೆಸಿ, ತುಂಬಿ, ಗೆರೆ ನೋಡಿ, ಗುರಿಯಿಟ್ಟು ಹೊಡೆಯಲು ಅದು ಸಾಕು, ಅವಸರಪಡಬೇಕಿಲ್ಲ.